ಉಪವಾಸಕ್ಕೆ ಏನು ತಿಂದಿರಿ?

ಶಂಕರಪುರದ ಭಾಗೀರಥಮ್ಮನವರ ಮನೆಗೆ ಬಂದವರು "ಹೋಗ್ತೀನಮ್ಮ" ಎಂದು ಎದ್ದರೆ ಅವರು ಬಾಗಿಲಿನವರೆಗೂ ಹಿಂದೆಯೇ ಬಂದು, "ಹೋಗಿ ಬರ್ತೀನಿ ಅನ್ನಿ" ಎಂದು ಹೇಳಿಸಿಯೇ ಕಳಿಸುತ್ತಿದ್ದರು. ಎಲ್ಲರ ಮನೆಯಲ್ಲೂ ಇರುವ ಶಾಸ್ತ್ರವೇ ಇದು. ಅವರಿಗೆ ಮಾತ್ರ ಅದು ಉದ್ಯೋಗ ಕಲಿಸಿದ ಪಾಠವೂ ಆಗಿತ್ತು.

ಮದುವೆಗೆ ಮುಂಚೆಯೇ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದರು. ಟ್ರಂಕ್ ಕಾಲ್ ಕಾಲ ಅದು. ಲೈನು ಕೊರಕೊರ ಎಂದು ಒಬ್ಬರ ಮಾತು ಒಬ್ಬರಿಗೆ ಕೇಳಿಸದಾಗ, ನಡುವೆ ಕೂತ ಭಾಗೀರಥಮ್ಮ ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುತ್ತಿದ್ದರು. ಒಂದಕ್ಷರ ಸೇರಿಸುತ್ತಿರಲಿಲ್ಲ, ಒಂದಕ್ಷರ ಬಿಡುತ್ತಿರಲಿಲ್ಲ. ಹೀಗೆ ಒಂದು ಬೆಳಿಗ್ಗೆ ಅರಸೀಕೆರೆಯಿಂದ ಒಬ್ಬಾತ "ಅಪ್ಪ ಹೋದ್ರು" ಅಂದ. ಭಾಗೀರಥಮ್ಮ ಹಾಗೆಯೇ ದಾಟಿಸಿದರು. ಬೆಂಗಳೂರಿನಲ್ಲಿ ಫೋನ್ ಹಿಡಿದಿದ್ದ ಮಗಳು ಕಿಟಾರನೆ ಕಿರುಚಿಕೊಂಡಳು. ಮತ್ತೆ ಲೈನು ಸಿಕ್ಕಿ ವಿಚಾರಿಸಿದರೆ, ಅಪ್ಪ ಹೋದದ್ದು ಮಗಳನ್ನು ನೋಡಲಿಕ್ಕೆಂದು, ಬೆಳಗಿನ ಬಸ್ಸಿಗೆ. ಅಂದಿನಿಂದ ಅವರು ಯಾರು "ಹೋದ್ರು" ಅಂದರೂ "ಎಲ್ಲಿಗೆ ಹೋದ್ರು?" ಎಂದು ಕೇಳದೆ ಮುಂದಕ್ಕೆ ದಾಟಿಸಲಿಲ್ಲ. ಸೂಪರ್‌ವೈಸರ್ ಗೊಣಗಿದರೂ ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಹೂ ಕಟ್ಟುವುದು, ಗುರುವಾರ ಸಂಜೆ ಮನೆಯ ಹಜಾರದಲ್ಲಿ ಭಜನೆ. ಎದೆಗೆ ಪೇಸ್‌ಮೇಕರ್ ಇಟ್ಟಮೇಲೆ ಏರುಸ್ವರದ ಹಾಡುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ತಾವು ತಾಳ ಹಿಡಿದು ಕೇಳುತ್ತಾ ಕೂರುತ್ತಿದ್ದರು. ಕೇಳುವುದು ಅವರಿಗೆ ಬೇಸರವೇ ಇಲ್ಲದ ಕೆಲಸ.

ತಮ್ಮನ ಮಗಳು ಸುಪ್ರಜಾ ಒಂದು ಗುರುವಾರ ಭಜನೆ ಮುಗಿದ ಮೇಲೆ ಬಂದು ಚಾಪೆಯ ಮೇಲೆ ಕೂತಳು. ಅವಳು ಎಂಆರ್‌ಐ ಸ್ಕ್ಯಾನಿಗೆ ಸಂಬಂಧಪಟ್ಟ ಏನೋ ಸಂಶೋಧನೆ ಮಾಡುತ್ತಿದ್ದಾಳೆ ಎಂಬುದಷ್ಟೇ ಅತ್ತೆಗೆ ಗೊತ್ತಿತ್ತು.

"ಅತ್ತೆ, ಪಿತ್ತ ಹರಿಯೋ ನಾಳಗಳನ್ನ ನೋಡೋ ಸ್ಕ್ಯಾನ್ ಒಂದಿದೆ. ಅದರಲ್ಲಿ ನೀರಿರೋ ಜಾಗ ಎಲ್ಲಾ ಬೆಳ್ಳಗೆ ಕಾಣುತ್ತೆ. ನಾಳದೊಳಗಿನ ಪಿತ್ತ ಬಿಳಿ, ಪಕ್ಕದಲ್ಲಿ ಹೊಟ್ಟೆಯೊಳಗಿನ ನೀರೂ ಬಿಳಿ."

"ಬಿಳಿ ನೆಲದ ಮೇಲೆ ರಂಗೋಲಿ ಇಟ್ಟ ಹಾಗೆ. ಎಲ್ಲಿ ಕಾಣುತ್ತೆ? ಮೊದಲು ಸಗಣಿ ಸಾರಿಸ್ಬೇಕು."

ಸುಪ್ರಜಾ ಬಿದ್ದು ಬಿದ್ದು ನಕ್ಕಳು. "ಅತ್ತೆ, ನಾಲ್ಕು ವರ್ಷದಿಂದ ಅದೇ ಮಾಡ್ತಿದೀನಿ! ಸಗಣಿ ಬದಲು ಅನಾನಸ್ ರಸ. ಅದರಲ್ಲಿ ಮ್ಯಾಂಗನೀಸ್ ಅಂತ ಇರುತ್ತೆ. ಸ್ಕ್ಯಾನಿಗೆ ಮುಂಚೆ ಕುಡಿದ್ರೆ ಹೊಟ್ಟೆಯ ನೀರು ಕಪ್ಪಾಗಿ, ನಾಳ ಮಾತ್ರ ಬೆಳ್ಳಗೆ ಉಳಿಯುತ್ತೆ. ಇದು ನಾನು ಕಂಡುಹಿಡಿದದ್ದೇನಲ್ಲ, ಮೊದಲಿಂದ ಇದೆ. ಆದ್ರೆ ಒಂದು ಹಣ್ಣಿನ ಹಾಗೆ ಇನ್ನೊಂದು ಹಣ್ಣಿರಲ್ಲ. ಪ್ರತಿಸಲ ಒಂದೇ ಥರ ಕೆಲಸ ಮಾಡೋ ಹಾಗೆ ರಸವನ್ನ ಹದ ಮಾಡಿದೀನಿ. ಈಗ ಅದನ್ನ ಕುಡಿದು ನೋಡೋರು ಬೇಕು. ಆರೋಗ್ಯವಾಗಿರೋ ಹಿರಿಯರು."

"ನಾನು ಬರ್ತೀನಿ."

"ನಿಮ್ಮ ಪೇಸ್‌ಮೇಕರಿಗೆ ಆ ಕೋಣೆ ಆಗಲ್ಲ ಅತ್ತೆ. ನಿಮ್ಮ ಭಜನೆಯವರನ್ನ ಕೊಡಿಸಿ, ಸಾಕು."

ಭಾಗೀರಥಮ್ಮ ಫೋನ್ ಎತ್ತಿಕೊಂಡರು. ಚಾಮರಾಜಪೇಟೆಯ ಒಂದು ಸ್ಕ್ಯಾನ್ ಕೇಂದ್ರದವರು ಸೋಮವಾರ ಮತ್ತು ಶನಿವಾರ ಬೆಳಿಗ್ಗೆ, ರೋಗಿಗಳು ಬರುವ ಮೊದಲು, ಯಂತ್ರ ಬಿಟ್ಟುಕೊಡಲು ಒಪ್ಪಿದ್ದರು. ಸುಪ್ರಜಾ ಕೊಟ್ಟ ಸೂಚನೆಯ ಹಾಳೆಯಲ್ಲಿ 'ಉಪವಾಸದಲ್ಲಿ ಬರತಕ್ಕದ್ದು' ಎಂದಿತ್ತು. ಅದನ್ನೇ ಅವರು ಒಬ್ಬೊಬ್ಬರಿಗೂ ಹೇಳಿದರು. "ಸೋಮವಾರ ಬೆಳಿಗ್ಗೆ, ಉಪವಾಸ ಬನ್ನಿ." ಆ ಕಡೆಯಿಂದಲೂ ಸಂತೋಷದ ಉತ್ತರವೇ. "ಹೇಗೂ ಸೋಮವಾರ ನನಗೆ ಉಪವಾಸವೇ ಅಲ್ವಾ, ಅನುಕೂಲ ಆಯ್ತು." "ಶನಿವಾರ ತಾನೇ? ಶನಿವಾರ ನಾನು ಉಪವಾಸ ಇದ್ದೇ ಇರ್ತೀನಿ ಬಿಡಿ."

ಭಾಗೀರಥಮ್ಮನವರ ತವರಿನಲ್ಲಿ ಏಕಾದಶಿಯೆಂದರೆ ಬೆಳಗಿನಿಂದ ಬೆಳಗಿನವರೆಗೆ ಒಂದು ತೊಟ್ಟು ನೀರೂ ಇಲ್ಲ. ಆ ಪದಕ್ಕೆ ಇನ್ನೊಂದು ಅರ್ಥವಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಮೊದಲ ವಾರಗಳ ಚಿತ್ರಗಳು ಕೆಟ್ಟವು. ಹೊಟ್ಟೆಯಲ್ಲಿ ಕಪ್ಪಾಗಬೇಕಾದ ಜಾಗ ಮಸಕು ಮಸಕಾಗಿ ಉಳಿಯಿತು. ಪಿತ್ತ ತುಂಬಿ ಉಬ್ಬಿರಬೇಕಾದ ಪಿತ್ತಕೋಶ ಬರಿದಾದ ಸಂಚಿಯ ಹಾಗೆ ಮುದುಡಿ ಕೂತಿತ್ತು. ಏನಾದರೂ ತಿಂದರೆ ಪಿತ್ತಕೋಶ ಹೀಗೆ ಬರಿದಾಗುತ್ತದೆ. ಇವರು ತಿಂದು ಬಂದಿರಬಹುದೇ ಎಂದು ಸುಪ್ರಜಾಗೆ ಅನುಮಾನ ಬಂತು. ಅವಳ ಗೈಡ್ ರಾಘವ ಅವರೇ ಬಂದು ಕೇಳಿದರು. ಭಜನೆಯಲ್ಲಿ ತಬಲಾ ನುಡಿಸುವ ದೊರೆಸ್ವಾಮಿಯವರನ್ನು "ಊಟ ಏನಾದ್ರೂ ಮಾಡಿದ್ರಾ ಸರ್?" ಎಂದು ಕೇಳಿದರೆ, ಅವರು ಎದೆಯ ಮೇಲೆ ಕೈಯಿಟ್ಟು, "ದೇವರಾಣೆಗೂ ಇಲ್ಲ ಸಾರ್, ಉಪವಾಸ" ಅಂದರು. ಎಲ್ಲರೂ ಹಾಗೆಯೇ ಹೇಳಿದರು. ಸುಳ್ಳು ಹೇಳುವ ಜನವಲ್ಲ ಅವರು.

ಅಂದಮೇಲೆ ತಪ್ಪು ರಸದ್ದೇ ಆಗಬೇಕು.

ಒಂದು ಭಾನುವಾರ ಸಂಜೆ ಸುಪ್ರಜಾ ಬಂದು ದೇವರ ಮನೆಯ ಹೊಸ್ತಿಲ ಹತ್ತಿರ ಕೂತಳು. ಅತ್ತೆ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಪಕ್ಕದಲ್ಲಿ ಕೂತರು. ಆಗ ಅವಳೇ ಹೇಳಿದಳು.

"ಈ ವಾರವೂ ಚಿತ್ರ ಸರಿಬರದಿದ್ರೆ ಈ ರಸ ಬಿಟ್ಬಿಡು ಅಂದಿದಾರೆ ರಾಘವ ಸರ್. ಬೈದ್ರೆ ಪರವಾಗಿರ್ಲಿಲ್ಲ ಅತ್ತೆ. ಪಾಪ, ಮೆತ್ತಗೆ ಹೇಳಿದ್ರು. ಬಿಟ್ರೆ ಮತ್ತೆ ಮೊದಲಿಂದ ಶುರು."

"ನಾಳೆ ಯಾರು ಬರೋದು?"

"ನಿಮ್ಮ ಕಲ್ಯಾಣಮ್ಮ."

"ನಾನೂ ಬಂದು ಹೊರಗೆ ಕೂತಿರ್ತೀನಿ. ಕೂರೋಕ್ಕೇನೂ ಅಡ್ಡಿಯಿಲ್ಲ ತಾನೇ?"

ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಕೇಂದ್ರದ ಬೆಂಚಿನ ಮೇಲೆ ಭಾಗೀರಥಮ್ಮ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಿದ್ದಾಗ ಕಲ್ಯಾಣಮ್ಮ ಬಂದರು. ಮನೆಯವರದು ಚಿಕ್ಕಪೇಟೆಯಲ್ಲಿ ಹಳೆಯ ಜವಳಿ ಅಂಗಡಿ. ಅವರದು ದೊಡ್ಡ ದನಿ, ದೊಡ್ಡ ನಗು. ಹಣೆಯ ತುಂಬ ವಿಭೂತಿ. ಕುಪ್ಪಸದ ಮೇಲೆ ತೂಗುವ ಬೆಳ್ಳಿಯ ಕರಡಿಗೆ ಅಂದು ಕಾಣಲಿಲ್ಲ.

"ಲೋಹ ಏನೂ ಒಳಗೆ ತರಬಾರದು ಅಂದಿದ್ರಲ್ಲ, ಕರಡಿಗೆ ಮನೇಲೇ ಇಟ್ಟು ಲಿಂಗಪ್ಪನ್ನ ಬಟ್ಟೇಲಿ ಕಟ್ಕೊಂಡು ಬಂದೆ" ಎಂದು ಕಲ್ಯಾಣಮ್ಮ ಕೊರಳ ಬಳಿ ಮುಟ್ಟಿ ತೋರಿಸಿದರು. "ಸುಪ್ರಜಾನ ಕೇಳೇ ಮಾಡಿದ್ದು. ಬೆಳಿಗ್ಗೆ ಪೂಜೆ ಮುಗಿಸೋ ಹೊತ್ತಿಗೆ ತಡ ಆಗೋಯ್ತು ನೋಡಿ. ಮೂರನೇ ದೋಸೆ ತಟ್ಟೇಲೇ ಬಿಟ್ಟು ಎದ್ದು ಬಂದೆ."

ಭಾಗೀರಥಮ್ಮನವರ ಸ್ತೋತ್ರ ನಿಂತಿತು.

"ದೋಸೆನಾ?"

"ಹೂಂ, ಗೋಧಿ ದೋಸೆ. ಸೋಮವಾರ ಉಪವಾಸ ಅಲ್ವಾ, ಅನ್ನ ಮುಟ್ಟಲ್ಲ ನಾನು."

ಎಷ್ಟೋ ವರ್ಷ ಹಿಂದಿನ ಆ ಕಿರುಚು ಭಾಗೀರಥಮ್ಮನವರ ಕಿವಿಯಲ್ಲಿ ಮತ್ತೆ ಕೇಳಿಸಿತು. ಪದ ಈ ತುದಿಯಿಂದ ಹೊರಟದ್ದು ಒಂದು, ಆ ತುದಿಯಲ್ಲಿ ಇಳಿದದ್ದು ಇನ್ನೊಂದು. ಎಲ್ಲಿಗೆ ಹೋದರು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವರು ಕೂಡಲೇ ದೊರೆಸ್ವಾಮಿಯವರಿಗೆ ಫೋನ್ ಮಾಡಿದರು. ಉಪವಾಸ ಇದ್ದಿರಾ ಎಂದು ಕೇಳಲಿಲ್ಲ.

"ದೊರೆಸ್ವಾಮಿಯವರೇ, ಆವತ್ತು ಶನಿವಾರ ಸ್ಕ್ಯಾನಿಗೆ ಬಂದ್ರಲ್ಲ, ಉಪವಾಸಕ್ಕೆ ಏನು ತಿಂದಿದ್ರಿ?"

"ಏನಿಲ್ಲಮ್ಮ, ಮಾಮೂಲಿ. ಒಂದಿಷ್ಟು ಉಪ್ಪಿಟ್ಟು, ಎರಡು ಬಾಳೆಹಣ್ಣು. ಕಾಫಿ."

"ರಾಘವ ಅವರಿಗೆ ಊಟ ಮಾಡಿಲ್ಲ ಅಂದ್ರಂತೆ?"

"ಉಪ್ಪಿಟ್ಟು ಊಟನಾ ಭಾಗೀರಥಮ್ಮ? ಅದು ಫಲಾಹಾರ!" ದೊರೆಸ್ವಾಮಿಯವರಿಗೆ ನಿಜವಾಗಿಯೂ ನೋವಾಗಿತ್ತು.

ಸುಪ್ರಜಾ ಅನಾನಸ್ ರಸದ ಲೋಟ ಹಿಡಿದು ಒಳಗಿನಿಂದ ಬಂದಳು. ಅತ್ತೆ ಕೈ ಅಡ್ಡ ಇಟ್ಟರು.

"ಇವತ್ತು ಬೇಡ ಪುಟ್ಟಿ. ಇವರ ಹೊಟ್ಟೇಲಿ ಎರಡು ದೋಸೆ ಇದೆ."

"ಎರಡೂವರೆ" ಎಂದು ಕಲ್ಯಾಣಮ್ಮ ತಿದ್ದಿದರು.

ಸುಪ್ರಜಾ ಲೋಟವನ್ನು ಬೆಂಚಿನ ಮೇಲಿಟ್ಟು ಅಲ್ಲೇ ಕೂತಳು. ನಗು ಮೊದಲು ಬಂತೋ ಅಳು ಮೊದಲು ಬಂತೋ ಹೇಳುವುದು ಕಷ್ಟ. "ಎಲ್ಲರೂನಾ?"

"ಇನ್ನೂ ಕೇಳಬೇಕು. ಇಬ್ಬರು ಸಿಕ್ಕಿದಾರಲ್ಲ, ಉಳಿದವರೂ ಸಿಗ್ತಾರೆ. ಉಪವಾಸ ಅಂದ್ರೆ ನಾನು ಒಂದು ಅಂದ್ಕೊಂಡೆ, ಅವರವರ ಮನೇಲಿ ಅವರವರ ಪದ್ಧತಿ. ಯಾರದ್ದೂ ತಪ್ಪಲ್ಲ ಕಣೆ. ರಸದ್ದೂ ಅಲ್ಲ ಅನ್ಸುತ್ತೆ."

ಅದು ಗೊತ್ತಾಗಬೇಕಿತ್ತು. ಆ ಸಂಜೆ ಭಾಗೀರಥಮ್ಮ ಮತ್ತೆ ಫೋನ್ ಹಿಡಿದು ಕೂತರು. ಈ ಸಲ ಉಪವಾಸ ಎಂಬ ಪದವನ್ನು ನಾಲಿಗೆಯ ಮೇಲೆ ತರಲೇ ಇಲ್ಲ. ಹಿಂದಿನ ದಿನದ ಊಟ ಮುಗಿದ ಮೇಲೆ ಸ್ಕ್ಯಾನ್ ಮುಗಿಯುವವರೆಗೆ ಬಾಯಿಗೆ ಏನೂ ಹಾಕಬಾರದು. ಅನ್ನ ಅಲ್ಲ, ತಿಂಡಿ ಅಲ್ಲ, ಹಣ್ಣು ಅಲ್ಲ, ಹಾಲು ಅಲ್ಲ. ಮಾತ್ರೆ ತಗೊಳ್ಳೋರು ಮೊದಲು ಸುಪ್ರಜಾನ ಕೇಳಿ. "ಕಾಫಿ?" ಎಂದು ಪ್ರತಿಯೊಬ್ಬರೂ ಕೇಳಿದರು. ಕಾಫಿಯೂ ಇಲ್ಲ ಎಂದಾಗ "ಅರ್ಧ ಲೋಟ?" ಎಂದು ಚೌಕಾಸಿ ಮಾಡಿದರು. ಹೇಳಿದ್ದನ್ನು ಒಬ್ಬೊಬ್ಬರ ಬಾಯಲ್ಲೂ ತಿರುಗಿ ಹೇಳಿಸಿಯೇ ಅವರು ಫೋನ್ ಇಟ್ಟರು.

ಶನಿವಾರ ಕಲ್ಯಾಣಮ್ಮ ಮತ್ತೆ ಬಂದರು. ಮುಖ ಬಾಡಿತ್ತು.

"ಇದು ಉಪವಾಸ ಅಲ್ಲ ಭಾಗೀರಥಮ್ಮ. ಇದಕ್ಕೆ ಹಸಿವು ಅಂತಾರೆ."

ರಸ ಕುಡಿದು ಅವರು ಒಳಗೆ ಹೋದರು. ದಪ್ಪ ಬಾಗಿಲಿನ ಆಚೆ ಯಂತ್ರ ಬಡಿಯತೊಡಗಿತು. ಹೊರಗೆ ಬೆಂಚಿನ ಮೇಲೆ ಭಾಗೀರಥಮ್ಮ ಕಣ್ಣು ಮುಚ್ಚಿ ಕೂತರು. ತಮಗಾಗಿ ಏನನ್ನೂ ಬೇಡುವ ಅಭ್ಯಾಸ ಅವರಿಗೆ ಹಿಂದೆಯೇ ತಪ್ಪಿಹೋಗಿತ್ತು. ಈ ಹುಡುಗಿಯದೊಂದು ನಡೆಸಿಕೊಡಪ್ಪ, ಎಂದಷ್ಟೇ ಕೇಳಿಕೊಂಡರು.

ಬಾಗಿಲು ತೆರೆದು ಸುಪ್ರಜಾ ಬಂದಳು. ಫೋನಿನಲ್ಲಿ ತೆಗೆದುಕೊಂಡ ಚಿತ್ರವನ್ನು ಅತ್ತೆಯ ಮುಂದೆ ಹಿಡಿದಳು. ಕಪ್ಪನೆಯ ನೆಲ. ಅದರ ಮೇಲೆ ತುಂಬಿದ ಬಿಳಿ ಚೀಲವೊಂದು, ಪಕ್ಕದಲ್ಲೇ ಒಂದು ಸಣ್ಣ ಮರ, ಎಳೆಎಳೆಯಾದ ಕೊಂಬೆಗಳು. ಪುಡಿಯನ್ನು ಬೆರಳ ಸಂದಿಯಿಂದ ಹದವಾಗಿ ಬಿಟ್ಟು ಎಳೆದ ಹಾಗೆ.

"ರಾಘವ ಸರ್‌ಗೆ ಕಳಿಸಿದೆ ಅತ್ತೆ. ಹಳೇ ಚಿತ್ರ ಎಲ್ಲಾ ಪಕ್ಕಕ್ಕಿಡು, ರಸ ಬಿಡ್ಬೇಡ, ಎಲ್ಲರನ್ನೂ ಇನ್ನೊಂದು ಸಲ ಕರೆಸು ಅಂದ್ರು. ಆಮೇಲೆ, ಸೂಚನೆ ಹಾಳೇಲಿ ನೀವು ಫೋನಲ್ಲಿ ಹೇಳಿದ ಮಾತನ್ನೇ ಹಾಕ್ಬೇಕಂತೆ."

ಭಾಗೀರಥಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿ ಸಾರಿಸಿದೀಯ" ಎಂದರು.

ಅಷ್ಟರಲ್ಲಿ ಕಲ್ಯಾಣಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಹೊರಬಂದು, ಚಿತ್ರದ ಕಡೆ ತಿರುಗಿಯೂ ನೋಡದೆ ಬಾಗಿಲಿನತ್ತ ನಡೆದರು.

"ನಾನು ಹೋಗ್ತೀನಿ."

"ಎಲ್ಲಿಗೆ?" ಎಂದರು ಭಾಗೀರಥಮ್ಮ.

"ಇನ್ನೆಲ್ಲಿಗೆ, ಹೋಟ್ಲಿಗೆ! ಇವತ್ತು ಶನಿವಾರ, ನಂಗೆ ಯಾವ ಉಪವಾಸವೂ ಇಲ್ಲ. ನೀವೂ ಬನ್ನಿ."