ದಿಂಬಿನ ಕವರ್ ಒಗೆದ ಚಿಕ್ಕಮ್ಮ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಉದ್ದನೆಯ ಕೋಣೆಯಲ್ಲಿ ಎರಡು ಸಾಲು ಕಬ್ಬಿಣದ ಮಂಚಗಳು, ಅವುಗಳ ಮೇಲೆ ಮುದುರಿ ಮಲಗಿದ ಪುಟ್ಟ ಹುಡುಗಿಯರು. ನಡುವಿನ ದಾರಿಯಲ್ಲಿ ಚಿಕ್ಕಮ್ಮ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ನೀರಿನ ಚೊಂಬು, ಕಂಕುಳಲ್ಲಿ ಮಡಿಸಿದ ಬೆಡ್‌ಶೀಟು. ಒಂದೊಂದೇ ಮಂಚದ ಹತ್ತಿರ ನಿಂತು, ಹೊದಿಕೆಯ ಅಡಿ ಕೈಯಾಡಿಸಿ ಮುಂದೆ ಹೋಗುತ್ತಾರೆ. ಕಿಟಕಿ ಪಕ್ಕದ ಮಂಚದ ಬಳಿ ಕೈ ಗಕ್ಕನೆ ನಿಲ್ಲುತ್ತದೆ. ಹಾಸಿಗೆ ಒದ್ದೆ.

ಇವರ ಬಗ್ಗೆ ಬರೆಯಲೆಂದು ಬಂದ ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೇನೆ. ಈಗ ಮಗುವನ್ನು ಎಬ್ಬಿಸಿ ಬೈಯುತ್ತಾರೆ ಎಂದುಕೊಂಡರೆ, ಈ ಹೆಂಗಸು ಚೊಂಬನ್ನು ಬಗ್ಗಿಸಿ ಆ ಹಾಸಿಗೆಯ ಮೇಲೂ ನೆಲದ ಮೇಲೂ ನೀರು ಸುರಿಯುತ್ತಾರೆ! ಆಮೇಲೆ ಕೋಣೆಗೆಲ್ಲ ಕೇಳುವಂತೆ ಕೂಗು: "ಅಯ್ಯೋ, ಹಾಳು ಕೈ, ಮತ್ತೆ ಜಾರ್ತು ನೋಡು! ಏಳಮ್ಮ, ಏಳು, ನಿನ್ನ ಹಾಸಿಗೆಯೆಲ್ಲ ನೆನೆಸಿಬಿಟ್ಟೆ." ಅಕ್ಕಪಕ್ಕದ ಮಂಚಗಳಿಂದ ಕಿಸಿಕಿಸಿ ನಗು ಏಳುತ್ತದೆ. ನಗುವುದು ಚಿಕ್ಕಮ್ಮನನ್ನು ನೋಡಿ, ಆ ಮಗುವನ್ನು ನೋಡಿ ಅಲ್ಲ.

ಈ ವಸತಿ ಶಾಲೆಯ ಮಕ್ಕಳ ಬಾಯಲ್ಲಿ ಅವರು 'ಚೆಲ್ಲೋ ಚಿಕ್ಕಮ್ಮ'. ಇಪ್ಪತ್ತೆರಡು ವರ್ಷದಿಂದ ಅದೇ ಹೆಸರು. ಕೈ ನಡುಗುವ ಕಾಯಿಲೆಯಿರಬೇಕು ಎಂದು ಒಬ್ಬ ಮೇಷ್ಟರು ಡಾಕ್ಟರ ವಿಳಾಸವನ್ನೂ ಕೊಟ್ಟಿದ್ದರಂತೆ. "ತಗೊಂಡೆ, ಥ್ಯಾಂಕ್ಸ್ ಅಂದೆ. ಇನ್ನೇನ್ ಹೇಳೋದು? ಹೇಳಿದ್ರೆ ಗುಟ್ಟು ರಟ್ಟಾಗತ್ತೆ. ನೀವೂ ಯಾವ ಶಾಲೆ ಅಂತ ಬರೀಬೇಡಿ" ಎನ್ನುತ್ತಾರೆ. ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಹಾಸಿಗೆ ಬದಲಾಯಿತು. ಚಿಕ್ಕಮ್ಮ ಈಗ ಬಾಗಿಲ ಪಕ್ಕದ ಕೊನೆಯ ಮಂಚದತ್ತ ನೋಡುತ್ತಾರೆ. ಅಲ್ಲಿ ಮಲಗಿರುವ ಹೊಸ ಹುಡುಗಿಯ ಹೊದಿಕೆಯಿಂದ ಎರಡು ಬೂಟುಗಳು ಹೊರಗೆ ಇಣುಕುತ್ತಿವೆ. ಬಂದ ದಿನದಿಂದ ಅವಳು ಬೂಟು ಬಿಚ್ಚಿ ಮಲಗಿಲ್ಲ. ಯಾವ ಕ್ಷಣದಲ್ಲಿ ಅಮ್ಮ ಬಂದರೂ ಹೊರಟುಬಿಡಬೇಕಲ್ಲ! ಮಕ್ಕಳು ಅವಳಿಗೆ 'ಬೂಟು ರಾಣಿ' ಎಂದು ಹೆಸರಿಟ್ಟಿವೆ.

"ಇವತ್ತು ಇವಳಮ್ಮ ಬರ್ತಾರೆ" ಎಂದು ಚಿಕ್ಕಮ್ಮ ಪಿಸುಗುಟ್ಟುತ್ತಾರೆ. "ಕರ್ಕೊಂಡು ಹೋದ್ರೆ ನನ್ನ ಕಥೆ ಮುಗೀತು."

ಉತ್ಪ್ರೇಕ್ಷೆಯ ಮಾತಲ್ಲ. ಇದು ಇಬ್ಬರ ಕೆಲಸ. ಇಷ್ಟು ವರ್ಷ ಇಬ್ಬರೇ ಮಾಡಿದ್ದರು, ಅಕ್ಕ ಮತ್ತು ತಂಗಿ. ಅಕ್ಕ ಎಲ್ಲರಿಗೂ ದೊಡ್ಡಮ್ಮ, ತಂಗಿ ಎಲ್ಲರಿಗೂ ಚಿಕ್ಕಮ್ಮ. ಹಾಸಿಗೆ, ಬಟ್ಟೆ, ಜಡೆ, ಹೇನು, ಅಳು ಇವೆಲ್ಲ ದೊಡ್ಡಮ್ಮನ ಪಾಲು. ಬೆಳಗಿನ ಆ ಚೊಂಬು, ಗಂಟೆ, ಸ್ನಾನದ ಸರತಿ, ಹೋಮ್‌ವರ್ಕು, ಜ್ವರ ಬಂದವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವುದು ಚಿಕ್ಕಮ್ಮನ ಪಾಲು. ಈ ಬೇಸಿಗೆ ರಜೆಯಲ್ಲಿ ದೊಡ್ಡಮ್ಮ ಹೊರಟುಹೋದರು. ಹೋದರು ಎಂದರೆ ಬೇರೇನೂ ಅಂದುಕೊಳ್ಳಬೇಡಿ, ಮದುವೆಯಾಗಿ ಹೋದರು! ವಯಸ್ಸು ಐವತ್ತೆಂಟು. ವರ ಇದೇ ಶಾಲೆಯಿಂದ ನಿವೃತ್ತರಾದ, ಹೆಂಡತಿ ತೀರಿಕೊಂಡಿದ್ದ ಡ್ರಾಯಿಂಗ್ ಮೇಷ್ಟರು. ಬಸ್ಸಿನಲ್ಲಿ ಅರ್ಧ ದಿನದ ದೂರದ ಊರಿನಲ್ಲಿ ಸಂಸಾರ ಹೂಡಿದ್ದಾರೆ.

ಸಂತೋಷಪಡಬೇಕಾದ ತಂಗಿ ಏನೆಂದರು ಕೇಳಿ. "'ಊರು ಹೋಗು ಅನ್ನತ್ತೆ, ಕಾಡು ಬಾ ಅನ್ನತ್ತೆ, ಈಗ ನಿನಗೆ ಮದುವೆಯಾ' ಅಂದ್ಬಿಟ್ಟೆ. ಅದೂ ಮೇಷ್ಟರ ಎದುರಿಗೇ."

"ಅದಕ್ಕೆ ಅವರೇನಂದ್ರು?"

"'ಇಷ್ಟು ವರ್ಷ ಕಂಡವರ ಮಕ್ಕಳಿಗೆ ನಾನು ದೀಪ ಆರಿಸಿದ್ದೀನಿ ಕಣೆ. ಇನ್ಮೇಲೆ ನಾನು ಮಲಗಿದಾಗ ಯಾರಾದ್ರೂ ಎದ್ದು ಆರಿಸ್ಲಿ' ಅಂದ್ಲು. ಅಷ್ಟೇ. ಟ್ರಂಕು ತಗೊಂಡು ಹೋದ್ಲು. ನಾನು ಗೇಟಿನ ತನಕಾನೂ ಹೋಗ್ಲಿಲ್ಲ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅಕ್ಕ ಫೋನ್ ಮಾಡಲಿಲ್ಲ, ತಂಗಿಯೂ ಮಾಡಲಿಲ್ಲ. ಮಕ್ಕಳಿಲ್ಲದ ರಜೆಯಲ್ಲಿ ಆ ದೊಡ್ಡ ಕಟ್ಟಡದಲ್ಲಿ ಚಿಕ್ಕಮ್ಮ ಒಬ್ಬರೇ ಇದ್ದರು. ಖಾಲಿ ಮಂಚಗಳನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅವರ ಕೋಣೆಯಲ್ಲಿ ಎರಡು ಮಂಚಗಳಿವೆ. ಅಕ್ಕನ ಮಂಚದ ಮೇಲೆ ಈಗ ಹಾಸಿಗೆಯಿಲ್ಲ, ಹಲಗೆ ಮಾತ್ರ. "ರಾತ್ರಿ ಸ್ವಿಚ್ ಹತ್ರ ಹೋಗಿ, ಅವಳು ಕೇಳ್ತಿದ್ದ ಹಾಗೇ ಈಗ ನಾನೇ ಕೇಳ್ತೀನಿ, 'ಆರಿಸ್ಲಾ?' ಅಂತ. ಕಿವಿಗೆ ಅಭ್ಯಾಸ. ಆಮೇಲೆ ನಾನೇ 'ಹೂಂ, ಆರಿಸು' ಅಂದ್ಕೋತೀನಿ." ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ರಜೆ ಮುಗಿಯುತ್ತಿದ್ದಂತೆ ಆಫೀಸಿನಿಂದ ಕರೆ ಬಂತು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಇದು, ಮನೆಯವರ ಮೊದಲ ಭೇಟಿಯ ಭಾನುವಾರದ ತನಕ ನೋಡೋಣ, ಅಷ್ಟರಲ್ಲಿ ಒಂದೇ ಒಂದು ಮಗು ಬಿಟ್ಟುಹೋದರೂ ಚಿಕ್ಕವರನ್ನು ದೊಡ್ಡ ಹುಡುಗಿಯರ ಕಟ್ಟಡಕ್ಕೆ ಸೇರಿಸುತ್ತೇವೆ, ನಿಮಗೆ ಉಗ್ರಾಣದಲ್ಲಿ ಕೆಲಸ ಕೊಡುತ್ತೇವೆ ಎಂದರು. ಅಕ್ಕಿ ಬೇಳೆ ಮೂಟೆಗಳ ನಡುವೆ ಚಿಕ್ಕಮ್ಮ! ಅಲ್ಲಿ ನೀರು ಚೆಲ್ಲಿದರೆ ಯಾರಿಗೆ ತಾನೇ ಉಪಕಾರ?

ಹಟ ತೊಟ್ಟರು. ಅಕ್ಕನ ಕೆಲಸವನ್ನು ಅಕ್ಕನಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕು. ಹೊಸ ವರ್ಷದ ಮಕ್ಕಳು ಟ್ರಂಕು, ಚಾಪೆ, ಬಕೆಟ್ಟು ಹೊತ್ತು ಬಂದರು. ಇಲ್ಲಿ ಬೆಡ್‌ಶೀಟು, ಹೊದಿಕೆ ಎಲ್ಲ ಶಾಲೆಯದೇ, ದಿಂಬಿನ ಕವರ್ ಒಂದನ್ನು ಮಾತ್ರ ಮನೆಯಿಂದ ತರುವುದು ವಾಡಿಕೆ. ಬಂದ ಕವರ್‌ಗಳನ್ನು ಚಿಕ್ಕಮ್ಮ ನೋಡಿದರು. ಒಂದರ ಮೇಲೆ ಎಣ್ಣೆಯ ಕಲೆ, ಇನ್ನೊಂದರ ಮೇಲೆ ಜೊಲ್ಲಿನ ನಕ್ಷೆ. "ಮೈ ಉರಿದುಹೋಯ್ತು. ಹೊಸ ಶಾಲೆಗೆ ಕಳಿಸ್ತಿದ್ದಾರೆ, ಒಂದು ಕವರ್ ಒಗೆದು ಕಳಿಸೋಕಾಗಲ್ವಾ ಅಂತ." ಎಲ್ಲವನ್ನೂ ಕಿತ್ತು, ಬಿಸಿನೀರಲ್ಲಿ ಸೋಪಿನಪುಡಿ ಹಾಕಿ ಕುದಿಸಿ, ತಿಕ್ಕಿ, ಬಿಸಿಲಿಗೆ ಹಾಕಿದರು. ಸಂಜೆಗೆ ಕವರ್‌ಗಳು ಮಲ್ಲಿಗೆ ಹೂವಿನಷ್ಟು ಬೆಳ್ಳಗೆ.

ಅವತ್ತಿನಿಂದ ಮಕ್ಕಳಿಗೆ ನಿದ್ದೆಯಿಲ್ಲ. ಶುರುವಿನಲ್ಲಿ ಒಬ್ಬಿಬ್ಬರು ಅಳುವುದು ಪ್ರತಿ ವರ್ಷವೂ ಇದ್ದದ್ದೇ. ಈ ಸಲ ಇಡೀ ಸಾಲು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಹಿಡಿಯುತ್ತಾಳೆ. ಬೂಟು ರಾಣಿ ಮಾತ್ರ ಅಳಲಿಲ್ಲ, ದಿಂಬನ್ನು ಮೂಸಿ ನೋಡಿ ನೆಲಕ್ಕೆ ಎಸೆದಳು, ಊಟ ಬಿಟ್ಟಳು. ಕಥೆ ಹೇಳಿದ್ದಾಯಿತು, ಗದರಿದ್ದಾಯಿತು, ಬಿಸಿ ಹಾಲು ಕೊಟ್ಟದ್ದೂ ಆಯಿತು. ಕೊನೆಗೆ ಚಿಕ್ಕಮ್ಮ ಅಭಿಮಾನವನ್ನು ಗಂಟುಕಟ್ಟಿ ಮೂಲೆಗಿಟ್ಟು ಫೋನ್ ಎತ್ತಿದರು.

"ಅಕ್ಕಾ, ಮಕ್ಕಳು ಮಲಗ್ತಾನೇ ಇಲ್ಲ."

"ದಿಂಬಿನ ಕವರ್ ಒಗೆದ್ಯಾ?"

"ಒಗೆದೆ. ಎಷ್ಟು ಕೊಳೆ ಇತ್ತು ಗೊತ್ತಾ?"

"ಅಯ್ಯೋ ಪೆದ್ದಿ! ಅದು ಕೊಳೆ ಅಲ್ಲ ಕಣೆ, ಅವರಮ್ಮನ ವಾಸನೆ. ಒಗೀಬೇಡಿ, ಹಾಗೇ ಕಳಿಸಿ ಅಂತ ನಾನೇ ಪ್ರತಿ ವರ್ಷ ಹೇಳಿ ತರಿಸ್ತಿದ್ದೆ, ಈ ವರ್ಷಾನೂ ಹೊರಡೋ ಮುಂಚೆ ಹೇಳಿದ್ದೆ. ಮನೆಯವರು ಮೊದಲ ಭೇಟಿಗೆ ಬರೋವರೆಗೂ ಅದನ್ನ ನೀರಿಗೆ ಹಾಕ್ಬಾರ್ದು."

"ಅವಳು ಆ ಕವರ್‌ಗಳನ್ನ ಹಾಗೇ ಬಿಡ್ತಿದ್ದದ್ದನ್ನ ನಾನು ಸೋಮಾರಿತನ ಅಂದ್ಕೊಂಡಿದ್ದೆ" ಎಂದು ಚಿಕ್ಕಮ್ಮ ಈಗ ನನ್ನ ಮುಂದೆ ಹೇಳಿಕೊಳ್ಳುತ್ತಾರೆ. "ಒಂದೇ ಕೋಣೇಲಿ ಇಷ್ಟು ವರ್ಷ ಮಲಗಿದ್ದೀವಿ, ಕೇಳೇ ಇಲ್ಲ ನೋಡಿ. ಅವತ್ತು ಬೂಟು ರಾಣಿ ವಿಷಯಾನೂ ಹೇಳ್ದೆ, ನಿಮ್ಮೂರಿನ ಮಗೂನೇ ಅಂತ. ಫೋನ್ ಇಟ್ಟ ಮೇಲೆ ನೆನಪಾಯ್ತು. ಚೆನ್ನಾಗಿದ್ದೀಯಾ ಅಂತ ನಾನೂ ಕೇಳ್ಲಿಲ್ಲ, ಅವಳೂ ಕೇಳ್ಲಿಲ್ಲ."

ಆಮೇಲೆ ಎಲ್ಲ ಮನೆಗಳಿಗೂ ಫೋನ್ ಮಾಡಿದರು. ತಪ್ಪು ನನ್ನದು, ಭಾನುವಾರ ಬರುವಾಗ ನೀವು ಮಲಗುವ ದಿಂಬಿನ ಕವರನ್ನೇ ತನ್ನಿ, ದಯವಿಟ್ಟು ಒಗೆಯಬೇಡಿ ಎಂದು ಒಂದೇ ಪಾಠ. ಅಷ್ಟು ದಿನ ಮಕ್ಕಳನ್ನು ಹೇಗೋ ಸಂಭಾಳಿಸಿದರು. ಅದೇ ಭಾನುವಾರ ಇವತ್ತು.

ಹತ್ತು ಗಂಟೆಗೆ ಗೇಟು ತೆರೆಯುತ್ತದೆ. ಅಪ್ಪ ಅಮ್ಮಂದಿರ ಕೈಯಲ್ಲಿ ಕೊಳೆ ಬಟ್ಟೆಯ ಮೆರವಣಿಗೆ! ಒಬ್ಬ ತಂದೆ ಮರ್ಯಾದೆಗೆ ಅಂಜಿ ಕವರಿಗೆ ಸೆಂಟು ಹೊಡೆದುಕೊಂಡು ಬಂದಿದ್ದಾರೆ. ಮಗಳು ಮೂಸಿ, "ಇದು ಯಾರದಪ್ಪಾ?" ಎನ್ನುತ್ತಾಳೆ. ಆತ ಪೆಚ್ಚಾಗಿ ಕತ್ತಿಗೆ ಕಟ್ಟಿದ್ದ ಕರ್ಚೀಫನ್ನೇ ಬಿಚ್ಚಿ ಕೊಡುತ್ತಾರೆ. ಅದು ಸರಿಹೋಗುತ್ತದೆ.

ಬೂಟು ರಾಣಿಯ ಅಮ್ಮ ಬರುವಾಗ ಮಧ್ಯಾಹ್ನವಾಗಿದೆ. ಆಕೆಯ ಹೆಗಲಲ್ಲಿ ಒಂದು ದೊಡ್ಡ ಬ್ಯಾಗು, ಒಳಗೆ ಹೆಚ್ಚೇನೂ ಇಲ್ಲ ಎಂಬುದು ಜೋತುಬಿದ್ದಿರುವ ರೀತಿಯಲ್ಲೇ ತಿಳಿಯುತ್ತದೆ. ಮಗಳ ಬಟ್ಟೆ ತುಂಬಿಕೊಂಡು ಹೋಗಲು ತಂದ ಬ್ಯಾಗು. ಚಿಕ್ಕಮ್ಮನ ಮುಖ ಸಪ್ಪಗಾಗುತ್ತದೆ.

"ಮಗು ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ. ತಪ್ಪು ತಿಳ್ಕೋಬೇಡಿ" ಎನ್ನುತ್ತಾರೆ ಆಕೆ.

"ಇಲ್ಲಮ್ಮ, ನಿಮ್ಮ ಮಗು, ನಿಮ್ಮಿಷ್ಟ. ಕವರ್ ತಂದಿದ್ದೀರಾ?"

ತಂದಿದ್ದಾರೆ. ಬಾಗಿಲ ಪಕ್ಕದ ಮಂಚದ ಮೇಲೆ ಕುಳಿತು, ಚಿಕ್ಕಮ್ಮ ದಿಂಬಿಗೆ ಅದನ್ನು ಏರಿಸುತ್ತಾರೆ. ಹುಡುಗಿ ದಿಂಬಿಗೆ ಮುಖ ಒತ್ತಿಕೊಳ್ಳುತ್ತಾಳೆ. ತುಂಬಾ ಹೊತ್ತು ಮುಖ ಎತ್ತುವುದೇ ಇಲ್ಲ. ಆಮೇಲೆ ಅಮ್ಮನನ್ನು ನೋಡಿ ಕೇಳುತ್ತಾಳೆ: "ಇದನ್ನ ಇಲ್ಲೇ ಬಿಟ್ಟು ಹೋಗ್ತೀಯಾ?"

"ಹೂಂ ಕಂದ."

"ಚಿಕ್ಕಮ್ಮ ಒಗೆಯಲ್ವಾ?"

"ನಿನ್ನಾಣೆ, ಒಗೆಯಲ್ಲ" ಎನ್ನುತ್ತಾರೆ ಚಿಕ್ಕಮ್ಮ.

ಹುಡುಗಿ ಸ್ವಲ್ಪ ಯೋಚಿಸುತ್ತಾಳೆ. ಬಗ್ಗಿ ಲೇಸು ಎಳೆಯುತ್ತಾಳೆ. ಒಂದು ಬೂಟು ಬಿಚ್ಚಿತು, ಇನ್ನೊಂದೂ ಬಿಚ್ಚಿತು. ಎರಡನ್ನೂ ಮಂಚದ ಕೆಳಗೆ, ಉಳಿದ ಮಕ್ಕಳ ಬೂಟುಗಳ ಹಾಗೆ, ಸಾಲಾಗಿ ಇಡುತ್ತಾಳೆ. ಅಮ್ಮ ಮುಖ ಆಚೆ ತಿರುಗಿಸಿಕೊಂಡು ಬಿಕ್ಕುತ್ತಾರೆ, ಚಿಕ್ಕಮ್ಮ ಅವರ ಬೆನ್ನು ಸವರುತ್ತಾರೆ.

ಹೊರಡುವಾಗ ಆಕೆ ಖಾಲಿ ಬ್ಯಾಗಿನ ತಳದಿಂದ ಒಂದು ಸಣ್ಣ ಗಂಟು ತೆಗೆದು ಚಿಕ್ಕಮ್ಮನ ಕೈಗಿಡುತ್ತಾರೆ. "ಮರ್ತೇ ಹೋಗಿತ್ತು. ನಿಮ್ಮ ಅಕ್ಕ ಮನೆ ಹುಡುಕ್ಕೊಂಡು ಬಂದಿದ್ರು. ಒಂದು ಸಲ ಕವರ್ ಕೊಟ್ಟು ನೋಡಿ, ಆಮೇಲೂ ಬರ್ತೀನಿ ಅಂದ್ರೆ ಕರ್ಕೊಂಡು ಬನ್ನಿ ಅಂದ್ರು. ಇದು ನಿಮಗಂತೆ."

ಸಂಜೆ ಆಫೀಸಿನ ಗುಮಾಸ್ತರು ಬಾಗಿಲಲ್ಲಿ ನಿಂತು "ಎಲ್ಲಾ ಇದ್ದಾರಾ?" ಎಂದು ಕೇಳುತ್ತಾರೆ. "ಎಲ್ಲಾ ಇದ್ದಾರೆ." "ಹಾಗಾದ್ರೆ ಮುಂದುವರಿಸಿ" ಎಂದು ಹೋಗುತ್ತಾರೆ. ಇಷ್ಟು ದೊಡ್ಡ ಗೆಲುವಿಗೆ ಅಷ್ಟೇ ಮಾತು.

ಚಿಕ್ಕಮ್ಮ ತಮ್ಮ ಕೋಣೆಗೆ ಬಂದು ಗಂಟು ಬಿಚ್ಚುತ್ತಾರೆ. ಒಳಗೆ ಒಂದು ದಿಂಬಿನ ಕವರ್, ಬಳಸಿದ್ದು. ನೀಲಗಿರಿ ಎಣ್ಣೆಯ ಘಾಟು ಕೋಣೆಯಲ್ಲಿ ಹರಡುತ್ತದೆ.

"ಥೂ, ತಲೆನೋವಿಗೆ ಇನ್ನೂ ಇದೇ ಎಣ್ಣೆ ಹಚ್ಕೋತಾಳೆ ಮುದುಕಿ" ಎಂದು ಬೈಯುತ್ತಾರೆ. ಬೈಯುತ್ತಲೇ ಅದನ್ನು ಮುಖಕ್ಕೆ ಒತ್ತಿಕೊಳ್ಳುತ್ತಾರೆ. ಅಳುತ್ತಾರೆ.

ಅವರನ್ನು ನಗಿಸಲೆಂದು, ಬಾಗಿಲ ಬಳಿಯ ಒಗೆಯುವ ಬಟ್ಟೆಯ ಬಕೆಟ್ಟು ತೋರಿಸಿ, "ಇದನ್ನೂ ಅದಕ್ಕೆ ಹಾಕ್ಲಾ?" ಎಂದು ಕೈ ಚಾಚುತ್ತೇನೆ. ಇಪ್ಪತ್ತೆರಡು ವರ್ಷ ಎಲ್ಲವನ್ನೂ ಚೆಲ್ಲಿದ ಆ ಕೈ ಕವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

"ಮುಟ್ಟಿದ್ರೆ ನೋಡಿ! ಮನೆಯವರು ಭೇಟಿಗೆ ಬರೋವರೆಗೂ ಇದನ್ನ ಒಗೆಯೋ ಹಾಗಿಲ್ಲ."