ಸೊಸೆಯ ವಾಂತಿ, ಸುಕನ್ಯ ಸಿಸ್ಟರ್ ಬಾಯಿ

ಏಯ್, ಟೀ ಅಂಗಡಿ ಬೆಂಚು ಬಿಸಿ ಮಾಡ್ತಾ ಕೂತಿರೋ ಪುಣ್ಯಾತ್ಮರೇ, ವಾಲ್ಯೂಮ್ ಜಾಸ್ತಿ ಮಾಡ್ಕೊಂಡು ಕೇಳ್ರಪ್ಪೋ! ಸುಕನ್ಯ ಸಿಸ್ಟರ್ ಸುದ್ದಿ ಇದು!

ಪಿರಿಯಾಪಟ್ಟಣದ ಆಚೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸುಕನ್ಯ ನರ್ಸು. ಅವಳು ಸೂಜಿ ಚುಚ್ಚಿದರೆ ನೋಯುವುದಿಲ್ಲ, ಮಾತು ಚುಚ್ಚಿದರೆ ವಾರವಾದರೂ ಆರುವುದಿಲ್ಲ ಎಂದು ಊರಲ್ಲಿ ಹೆಸರು. ಗುರುಪುರದ ಕೂಲಿ ಮನೆಯ ಹುಡುಗಿ; ಓದುವಾಗ ರಜೆ ಬಂತೆಂದರೆ ಹೊಗೆಸೊಪ್ಪಿನ ಹೊಲದಲ್ಲೇ ಬಿದ್ದಿರುತ್ತಿದ್ದಳು.

ಆ ಬೆಳಗ್ಗೆ ವಿಮಲಮ್ಮ ಹೊಸ ಸೊಸೆ ಸೌಂದರ್ಯಳನ್ನು ಮೆರವಣಿಗೆಯಂತೆ ಕರೆತಂದರು. ಹುಡುಗಿಗೆ ತಲೆಸುತ್ತು, ಬೆವರು, ಒಂದೇ ಸಮ ವಾಂತಿ.

“ಬಸ್ರಿ ಕಣವ್ವ! ಬೀಗ್ತಿಗೆ ಫೋನ್ ಮಾಡ್ಬುಟ್ಟೆ, ಬೀದೀಗೆಲ್ಲ ಸಕ್ಕರೆ ಹಂಚ್ಬುಟ್ಟೆ. ನೀನೊಂದು ತಾಯಿ ಕಾರ್ಡು ಬರ್ಕೊಟ್ಬುಡು.”

ಸುಕನ್ಯ ಅತ್ತೆಯನ್ನು ಹೊರಗಿನ ಬೆಂಚಿಗೆ ಅಟ್ಟಿ ಬಾಗಿಲು ಹಾಕಿದಳು. ಸೌಂದರ್ಯಳ ನಾಡಿ ಹಿಡಿದಳು. ಸೀರೆ ಒದ್ದೆ, ಬೆರಳಿಗೆಲ್ಲ ಕಪ್ಪು ಅಂಟು.

“ಮುಟ್ಟು ಯಾವಾಗಾಯ್ತವ್ವ?”

“ಮೊನ್ನೆ ತಾನೇ ಮುಗೀತಕ್ಕ. ಹೇಳುದ್ರೆ ಅತ್ತೆ ಕೇಳ್ತಾನೇ ಇಲ್ಲ. ಈಗ ಬಸ್ರಿ ಅಲ್ಲ ಅಂದ್ರೆ ಮಾನ ಕಳ್ದೆ ಅಂತ ನನ್ನೇ ತವ್ರಿಗೆ ಅಟ್ತಾರೆ!”

“ಬೆಳಗ್ಗೆ ಏನ್ ಕೆಲ್ಸ ಮಾಡ್ದೆ?”

“ಮಳೆ ನಿಂತಿದ್ದೇ ತಡ, ಹೊಗೆಸೊಪ್ಪು ಮುರಿಯಕ್ಕೆ ಕಳ್ಸುದ್ರು.”

ಬಸಿರಿನ ಪರೀಕ್ಷೆ ಮಾಡಿದರೆ ಒಂದೇ ಗೆರೆ, ಬಸಿರಿಲ್ಲ. ಒದ್ದೆ ಎಲೆಯ ನಂಜು ಚರ್ಮದಿಂದಲೇ ಮೈಗೆ ಇಳಿದಿತ್ತು. ಡಾಕ್ಟರೂ ನೋಡಿ ಅದನ್ನೇ ಹೇಳಿದರು. ಸುಕನ್ಯ ಅವಳ ಕೈಕಾಲಿಗೆ ಸೋಪು ಹಾಕಿ ತೊಳೆಸಿ, ಒಣಬಟ್ಟೆ ಉಡಿಸಿ, ಡ್ರಿಪ್ ಏರಿಸಿ ಹೊರಗೆ ಬಂದಳು.

“ಬಸ್ರಿ ಅಲ್ಲ ಕಣಮ್ಮ, ಹೊಗೆಸೊಪ್ಪಿನ ನಂಜು.”

“ಮೂರು ಹೆತ್ತೋಳ್ಗೆ ಬಸ್ರಿ ಗೊತ್ತಾಗಲ್ವೇನೇ?”

“ಹೋದ ವಾರ ಸೊಪ್ಪು ಮುರ್ದು ನಿಮ್ಮ ಮಗ ಚೆಲುವರಾಜನೂ ಇಲ್ಲೇ ಬಂದು ಇಂಗೇ ಕಕ್ಕೊಂಡ್ನಲ್ಲಾ, ಅವನ್ಗೆಷ್ಟು ತಿಂಗ್ಳು?”

ಚೀಟಿ ಹಿಡಿದು ಕೂತವರೆಲ್ಲ ಕಿಸಕ್ಕನೆ ನಕ್ಕರು. ವಿಮಲಮ್ಮನ ಮುಖ ಹುಳ್ಳಗಾಯಿತು.

“ಊರ್ಗೆಲ್ಲ ಸಾರ್ಬುಟ್ಟಿವ್ನಿ, ಈಗ ಮಕ ಎಲ್ಲಿಡ್ಲಿ? ಎಲ್ಲಾ ಇವ್ಳಿಂದ!”

“ಅವಳ ತಂಟೆಗೆ ಓಗ್ಬೇಡಿ. ಸಿಸ್ಟರೇ ಬಸ್ರಿ ಅಂದ್ಲು, ಆಮೇಲೆ ಅಲ್ಲ ಅಂದ್ಲು ಅಂತೇಳಿ. ನನ್ನ ಬಯ್ಯೋರೇನು ಒಸಬ್ರಾ? ಆದ್ರೆ ಸೊಪ್ಪು ಒದ್ದೆ ಇದ್ದಾಗ ಅವಳ್ನ ಒಲಕ್ಕೆ ಇಳ್ಸುದ್ರೋ, ನಿಜ ನಾನೇ ಮೈಕ್ ಇಡ್ಕೊಂಡು ಏಳ್ತೀನಿ.”

ವಿಮಲಮ್ಮ ಒಪ್ಪದೆ ಇನ್ನೇನು ಮಾಡಿಯಾರು?

ಸಂಜೆ ಸುಕನ್ಯ ಅವರ ಮನೆಗೆ ಹೊಕ್ಕು ಮತ್ತೆ ನಾಡಿ ನೋಡಿದಳು. ಸೌಂದರ್ಯ ಅನ್ನ-ಸಾರು ಉಣ್ಣುತ್ತಿದ್ದಳು. ಗಂಡ ಚೆಲುವರಾಜ ಸೊಪ್ಪು ಮುರಿಯಲು ರಬ್ಬರ್ ಗ್ಲೌಸ್ ತರಲು ಪೇಟೆಗೆ ಹೋಗಿದ್ದ. ಎದುರುಮನೆಯ ಗುರುಶಾಂತಮ್ಮ ಜಗಲಿಯಿಂದ ಕೂಗಿದರು:

“ಏನವ್ವಾ, ಬಸ್ರಿ ಯಾವ್ದು ಬ್ಯಾನೆ ಯಾವ್ದು ಗೊತ್ತಾಗಲ್ವಂತೆ? ಯಾವನ್ ಕೊಟ್ಟ ನಿಂಗೆ ಕೆಲ್ಸ?”

“ಊಂ ಕಣಮ್ಮ, ಕಣ್ಣು ಮಂಜಾಗ್ಬುಟ್ಟದೆ. ನಾಳೆ ನಿಮ್ಗೆ ಇಂಜೆಕ್ಷನ್ ಕೊಡೋಳೂ ನಾನೇ, ಜ್ವಾಪಾನ!” ಎಂದ ಸುಕನ್ಯ ಚಪ್ಪಲಿ ಮೆಟ್ಟಿ ಓಡಿದಳು, ಹೊರಟೇಬಿಟ್ಟಿದ್ದ ಹುಣಸೂರು ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದಳು.