ಹೊಳಿ ನೀರಿನ ಎರಡು ನಿಮಿಷ

ನನ್ನ ಕನ್ನಡ ಸ್ವಚ್ಛವಾಗಿದೆ ಎಂಬ ಕಾರಣಕ್ಕೆ ನನಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಆದರೆ ಆ ಕನ್ನಡ ನಮ್ಮ ಮನೆಯದಾಗಿರಲಿಲ್ಲ. ನಾನು ಬೆಳೆದದ್ದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ. ಅಲ್ಲಿಯ ಕ್ವಾರ್ಟರ್ಸಿನಲ್ಲಿ ಎಲ್ಲೆಲ್ಲಿಂದಲೋ ಬಂದ ಎಂಜಿನಿಯರುಗಳ ಮಕ್ಕಳಿದ್ದರು. ಅವರ ಜೊತೆ ಆಡುತ್ತ ಆಡುತ್ತ "ಮನೆ", "ಹೋಗುತ್ತೇನೆ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಹೊಸ್ತಿಲು ದಾಟಿ ಒಳಗೆ ಬಂದರೆ ಅವ್ವ, "ಏನಬೇ, ಪುಸ್ತಕ ಓದಿದಂಗ ಮಾತಾಡ್ತಿ" ಎಂದು ನಗುತ್ತಿದ್ದಳು. ಅಪ್ಪ ಕ್ಯಾಂಪಿನ ವೈರ್‌ಲೆಸ್ ಕೋಣೆಯಲ್ಲಿ ನೌಕರರಾಗಿದ್ದರು. ಡ್ಯಾಮಿನಿಂದ ಹೊಳೆಗೆ ಎಷ್ಟು ನೀರು ಬಿಟ್ಟರು ಎಂಬ ಅಂಕಿ ಆ ವೈರ್‌ಲೆಸ್ಸಿನಲ್ಲಿ ತಾಸಿಗೊಮ್ಮೆ ಬರುತ್ತಿತ್ತು. ಅದನ್ನು ಬರೆದುಕೊಂಡು ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಕ್ಯೂಸೆಕ್ ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪು, ಎಣ್ಣೆಯಷ್ಟೇ ಸಾಮಾನ್ಯವಾಗಿತ್ತು.

ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ, ರೈಲಿನಲ್ಲಿ ಒಂದು ತಾಸು ದೂರದ ಊರಿನ ರೇಡಿಯೋ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕಿಯಾದೆ. ತಿಂಗಳಿಗೆ ಆರು ಡ್ಯೂಟಿ. ಆಗ ನಮ್ಮದು ಬರೀ ಮೀಡಿಯಂ ವೇವ್. ಮುಂಜಾನೆ ಒಂದು ಪಾಳಿ, ಮಧ್ಯಾಹ್ನ ಒಂದು, ಸಂಜೆ ಒಂದು. ನಡುವೆ ರೇಡಿಯೋ ಸುಮ್ಮನಿರುತ್ತಿತ್ತು. ಭಕ್ತಿಗೀತೆ, ವಾರ್ತೆ, ರೈತರಿಗೆ ಸಲಹೆ, ಹೆಣ್ಣುಮಕ್ಕಳ ಕಾರ್ಯಕ್ರಮ, ಉರ್ದುವಿನಲ್ಲಿ ಅರ್ಧ ತಾಸು, ಕೇಳುಗರು ಬಯಸಿದ ಚಿತ್ರಗೀತೆ. ಹಾಡು ಕೇಳಿ ಕಾರ್ಡು ಬರೆಯುವವರು ಕೂಸು, ಬಾಣಂತಿ, ಭಾವ, ಮೈದುನ ಎಂದು ಮನೆಮಂದಿಯ ಹೆಸರನ್ನೆಲ್ಲ ತುಂಬಿಸಿರುತ್ತಿದ್ದರು. ಒಂದು ಹೆಸರು ಬಿಟ್ಟರೂ ಮುಂದಿನ ವಾರ ತಕರಾರಿನ ಕಾರ್ಡು ಬರುತ್ತಿತ್ತು. ಹಾಗಾಗಿ ನಾನು ಒಂದನ್ನೂ ಬಿಡುತ್ತಿರಲಿಲ್ಲ.

ಮಳೆಗಾಲದಲ್ಲಿ ಇವುಗಳ ನಡುವೆ ಒಂದು ಪ್ರಕಟಣೆ ಸೇರುತ್ತಿತ್ತು. ಕೃಷ್ಣಾ ನದಿಗೆ ಇಷ್ಟು ಕ್ಯೂಸೆಕ್ ನೀರು ಹರಿಬಿಡಲಾಗಿದ್ದು, ನದಿ ಪಾತ್ರದ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸತಕ್ಕದ್ದು. ಅದನ್ನು ಒಂದೂ ತಪ್ಪಿಲ್ಲದೆ, ಉಸಿರು ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು ಓದುತ್ತಿದ್ದೆ. ಚೆನ್ನಾಗಿ ಓದಿದೆನೆಂಬ ಸಮಾಧಾನ ನನಗಿರುತ್ತಿತ್ತು.

ಕೆಲವು ವರ್ಷಗಳಲ್ಲಿ ಕಾರ್ಡುಗಳು ಕಡಿಮೆಯಾದವು. ಕೇಳುಗರೇ ಸ್ಟುಡಿಯೋಕ್ಕೆ ಫೋನು ಮಾಡಿ ಹಾಡು ಕೇಳುವ ಕಾರ್ಯಕ್ರಮ ಶುರುವಾಯಿತು. ನಮಗೆಲ್ಲ ಒಳಗೊಳಗೇ ಅಂಜಿಕೆ. ಬರೆದದ್ದನ್ನು ಓದುವುದು ಬೇರೆ, ಆ ಕಡೆಯಿಂದ ಯಾರು ಏನು ಕೇಳುತ್ತಾರೋ ಎಂದು ಕಾಯುವುದು ಬೇರೆ. ಅಂಥ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ ಇರುವಾಗ, ಒಂದು ಹೆಣ್ಣುದನಿ ಬಂತು.

"ನಾವ್ರಿ ಅಕ್ಕಾರ, ತಿಂಥಣಿಯಿಂದ. ಹೊಳಿ ದಂಡಿಗೇ ನಮ್ಮ ಮನಿ ಅದ."

"ನಮಸ್ಕಾರ. ಯಾವ ಹಾಡು ಬೇಕು ನಿಮಗೆ?"

"ಹಾಡು ಬ್ಯಾಡ್ರಿ. ಮುಂಜಾನಿ ನೀವು ನೀರಿನ ಸುದ್ದಿ ಓದಿದ್ರಲ್ಲ, ಅದು ತಿಳೀಲಿಲ್ಲ. ಆ ಕ್ಯೂಸೆಕ್ಕು ಅಂದ್ರ ಎಷ್ಟ್ರಿ? ಎಷ್ಟು ಕೊಡ ಆಗ್ತದ?"

"ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದಕ್ಕೆ ಒಂದು ಕ್ಯೂಸೆಕ್ ಎನ್ನುತ್ತಾರೆ," ಎಂದೆ.

ಆಕೆ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಹಂಗಲ್ರಿ. ಬಟ್ಟಿ ಒಗಿಯೂ ಕಲ್ಲು ಮುಳಗತದೋ ಇಲ್ಲೋ, ಅಷ್ಟ ಹೇಳ್ರಿ. ಮುಳಗತದ ಅಂದ್ರ ನಾವು ಮೀನಿನ ಬಲಿ ತಗೀಬೇಕು, ಹರಗೋಲ ಮ್ಯಾಲ ತರಬೇಕು."

ನನಗೆ ಆ ಕಲ್ಲು ಯಾವುದೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳುವ ಧೈರ್ಯವೂ ಇರಲಿಲ್ಲ. ಹತ್ತಿರದ ಅಧಿಕಾರಿಗಳನ್ನು ಸಂಪರ್ಕಿಸಿ ಎಂದುಬಿಟ್ಟೆ. ಆಕೆ ಸಿಟ್ಟಾಗಲಿಲ್ಲ.

"ನೀವು ಓದೂದು ಭಾಳ ಚಂದ ಓದ್ತೀರಿ ಅಕ್ಕಾರ. ತಿಳಿಯಂಗಿಲ್ಲ, ಅಷ್ಟ. ಇರ್ಲಿ, ಯಾವುದರ ಒಂದು ಹಾಡು ಹಾಕ್ರಿ."

ಹಾಡು ಹಾಕಿದೆ. ಯಾವ ಹಾಡೆಂದು ಈಗ ನೆನಪಿಲ್ಲ. ಆವತ್ತು ರೈಲಿನಲ್ಲಿ ಯಾದಗಿರಿ ಬರುವ ತನಕ ಆಕೆಯ ಮಾತೇ ಕಿವಿಯಲ್ಲಿತ್ತು.

ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದರು. ನೌಕರಿ ಮುಗಿದಿತ್ತು. ನನ್ನ ಡ್ಯೂಟಿಯ ದಿನ ಕಿಟಕಿಯ ಬಳಿ ರೇಡಿಯೋ ಇಟ್ಟುಕೊಂಡು ಕೂಡುತ್ತಿದ್ದರು. ಆವತ್ತೂ ಕೇಳಿದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಅವರು ಮಾತು ತೆಗೆದರು.

"ಆ ಹೆಣ್ಣಮಗಳು ಕೇಳಿದ್ದು ಖರೇ ಅದ ನೋಡು. ಇಡೀ ನೌಕರಿ ನಾ ಅಂಕಿ ಬರ್ದೀನಿ. ಆ ಅಂಕಿಗೆ ಹೊಳಿಯೊಳಗ ಏನು ಆಗ್ತದ ಅಂತ ಒಂದಿನರ ಹೋಗಿ ನೋಡಿಲ್ಲ."

"ನನಗೂ ಹೇಳಾಕ ಬರಲಿಲ್ಲ ಅಪ್ಪಾ."

"ಹೋಗೂಣು ನಡಿ. ಐತವಾರ ನಿನಗ ರಜಾ ಅದ ಅಲ್ಲ?"

ಅವರ ಟ್ರಂಕಿನಲ್ಲಿ ಹಳೆಯ ಕಿಸೆ ಡೈರಿಗಳಿದ್ದವು. ಕಚೇರಿಯ ದಫ್ತರ ಬೇರೆ, ಇವು ಅವರ ಸ್ವಂತದವು. ದಿನದ ದೊಡ್ಡ ಅಂಕಿಯನ್ನು ಇವುಗಳಲ್ಲೂ ಬರೆದಿಡುವ ಚಟ ಅವರಿಗಿತ್ತು. ಅವುಗಳನ್ನು ಚೀಲಕ್ಕೆ ತುಂಬಿಕೊಂಡು ಶಹಾಪುರ, ಸುರಪುರ ದಾಟಿ ಬಸ್ಸಿನಲ್ಲಿ ತಿಂಥಣಿಗೆ ಹೋದೆವು. ಬಸ್ಸಿನುದ್ದಕ್ಕೂ ಅಪ್ಪ ಚೀಲವನ್ನು ತೊಡೆಯ ಮೇಲಿನಿಂದ ಕೆಳಗಿಳಿಸಲಿಲ್ಲ.

ಆಕೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಗುಡಿಯ ಕೆಳಗೆ ಹರಿಗೋಲುಗಳನ್ನು ಬೋರಲು ಹಾಕಿದ್ದ ಕಡೆ ನಿಂತು, ರೇಡಿಯೋಕ್ಕೆ ಫೋನು ಮಾಡಿದವರು ಯಾರು ಎಂದು ಕೇಳಿದೆ. ಬಲೆ ಬಿಡಿಸುತ್ತ ಕೂತಿದ್ದ ಒಬ್ಬಾಕೆ ತಟ್ಟನೆ ತಲೆ ಎತ್ತಿದಳು. ನನಗಿಂತ ಹತ್ತು ವರ್ಷ ಹಿರಿಯಳಿರಬೇಕು.

"ನೀವು ರೇಡಿಯೋದ ಅಕ್ಕಾರು!" ಎಂದಳು. "ದನಿ ಕೇಳಿ ಎತ್ತರ ಇದ್ದೀರಿ ಅನ್ಕೊಂಡಿದ್ದೆ ನಾ. ಇಷ್ಟ ಅದೀರಿ!"

ಅವಳ ಗಂಡ ಮೀನು ಹಿಡಿಯುತ್ತಿದ್ದ, ಅವಳು ಅದನ್ನು ಸುರಪುರಕ್ಕೂ ಕಕ್ಕೇರಾದ ಸಂತೆಗೂ ಒಯ್ದು ಮಾರುತ್ತಿದ್ದಳು. ಚಹಾ ಕುಡಿಸಿ ಹೊಳೆದಂಡೆಗೆ ಕರೆದುಕೊಂಡು ಹೋದಳು. ಒಂದೊಂದನ್ನೇ ಕೈಮಾಡಿ ತೋರಿಸಿದಳು. ಇದು ಬಟ್ಟೆ ಕಲ್ಲು. ಅದಕ್ಕಿಂತ ತುಸು ಎತ್ತರಕ್ಕೆ ಎಮ್ಮೆ ಕಲ್ಲು, ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ನುಣುಪಾದದ್ದು. ಮೇಲೆ ರೈತರು ನೀರೆತ್ತುವ ಮೋಟರುಗಳ ಸಾಲು. ಅದಕ್ಕೂ ಮೇಲೆ ಹುಣಸೆಗಿಡ. ಹುಣಸೆಗಿಡದ ಬುಡಕ್ಕೆ ನೀರು ಬಂದರೆ ಮನೆ ಬಿಟ್ಟು ಎತ್ತರದಲ್ಲಿರುವ ಶಾಲೆಗೆ ಹೋಗಬೇಕು.

ಅಪ್ಪ ಒಂದು ಕಲ್ಲಿನ ಮೇಲೆ ಕೂತು ಡೈರಿಗಳನ್ನು ಹರವಿಕೊಂಡರು.

"ಹುಣಸಿ ಗಿಡದ ತನಕ ಯಾವಾಗ ಬಂದಿತ್ತು ತಂಗಿ?"

"ನಮ್ಮ ಹಿರೀ ಮಗಳು ಚೊಚ್ಚಲ ಹಡಿಯಾಕ ಬಂದಿದ್ಲು ನೋಡ್ರಿ, ಆ ವರ್ಷ. ಪಂಚಮಿ ಆಗಿ ಎರಡು ದಿನಕ್ಕ."

"ಕೂಸಿಗೆ ಈಗೆಷ್ಟು ವಯಸ್ಸು?"

ಆಕೆ ಹೇಳಿದಳು. ಅಪ್ಪ ಒಂದು ಡೈರಿ ತೆಗೆದು, ಎಂಜಲು ಹಚ್ಚಿ ಪುಟ ತಿರುವಿ, ಬೆರಳಿಟ್ಟರು. ಅಂಕಿ ಅಲ್ಲಿತ್ತು. ಆ ವರ್ಷದ ಅತಿ ದೊಡ್ಡ ಅಂಕಿ. ಅದನ್ನು ಬರೆದ ದಿನ ವೈರ್‌ಲೆಸ್ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೆ ಎಂದು ಅಪ್ಪ ಮೆಲ್ಲಗೆ ಹೇಳಿದರು. ಆಕೆ, "ನಾನು ಬಾಣಂತೀನ ಎತ್ತಿಕೊಂಡು ಸಾಲಿಗೆ ಓಡಿದ್ದೆ ನೋಡ್ರಿ ಕಾಕಾ," ಎಂದಳು. ಅಪ್ಪ ತಲೆ ತಗ್ಗಿಸಿ ಮುಂದಿನ ಪುಟ ತಿರುವಿದರು.

ಹೀಗೇ ಸಂಜೆಯ ಬಸ್ಸಿನ ಹೊತ್ತಾಗುವ ತನಕ ನಡೆಯಿತು. ಆಕೆ ಮದುವೆ, ಹಬ್ಬ, ಹೆರಿಗೆ, ಕಳೆದುಹೋದ ಒಂದು ಹೊಸ ಬಲೆ, ಇವುಗಳ ಮೇಲೆ ನೀರನ್ನು ನೆನಪಿಟ್ಟಿದ್ದಳು. ಅಪ್ಪ ತಾರೀಖಿನ ಮೇಲೆ ಇಟ್ಟಿದ್ದರು. ನಡುವೆ ಕೂತು ನಾನು ಬರೆದುಕೊಂಡೆ: ಈ ಅಂಕಿಗೆ ಬಟ್ಟೆ ಕಲ್ಲು, ಈ ಅಂಕಿಗೆ ಎಮ್ಮೆ ಕಲ್ಲು, ಇದಕ್ಕೆ ಮೋಟರು. ಡ್ಯಾಮಿನ ಬಾಗಿಲು ತೆಗೆದಮೇಲೆ ನೀರು ಇಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ಆಕೆಯ ಗಂಡನಿಗೆ ಬಾಯಿಪಾಠವಾಗಿತ್ತು.

ಮುಂದಿನ ಡ್ಯೂಟಿಯ ದಿನ ಪ್ರಕಟಣೆ ಬಂತು. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆಮೇಲೆ, "ತಿಂಥಣಿ ಕಡಿ ಹೊಳಿ ದಂಡಿಯವರು ಕೇಳ್ರಿ. ಎಮ್ಮಿ ಕಲ್ಲು ಮುಳಗತದ. ಬಲಿ ತಗದು ಇಡ್ರಿ, ಮೋಟರ್ ಮ್ಯಾಲ ಎತ್ರಿ," ಎಂದೆ. ಮೈಕಿನ ಮುಂದೆ ಅವ್ವನ ಮಾತು ಆಡಿದ್ದು ಅದೇ ಮೊದಲು.

ಕೇಂದ್ರದ ಅಧಿಕಾರಿಗಳು ಒಳಗೆ ಕರೆದರು. ಅವರು ದಕ್ಷಿಣದ ಕಡೆಯವರು, ಮೆತ್ತಗಿನ ಮನುಷ್ಯ. "ಸರ್ಕಾರಿ ಪ್ರಕಟಣೆಗೆ ನಮ್ಮ ಮಾತು ಸೇರಿಸಬಾರದಮ್ಮ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ?" ಎಂದರು. ನಾನು ಬರೆದ ಹಾಳೆಯನ್ನು ಅವರ ಮುಂದಿಟ್ಟು, ಅಪ್ಪನ ಡೈರಿಯ ಕಥೆ ಹೇಳಿದೆ. ಅವರು ಎರಡು ಸಲ ಓದಿದರು.

"ಈ ಎಮ್ಮೆ ಕಲ್ಲು ನಿಜವಾಗಿಯೂ ಇದೆಯಾ?"

"ಮುಟ್ಟಿ ನೋಡಿ ಬಂದಿದ್ದೀನಿ ಸರ್."

ನೀರಾವರಿ ಕಚೇರಿಗೂ ಆ ಹಾಳೆ ಕಳಿಸಿ, ಅವರ ಒಪ್ಪಿಗೆ ಪಡೆದು, ಪ್ರಕಟಣೆಗೆ ಅಂಟಿಸದೆ ಸಂಜೆಯ ರೈತರ ಕಾರ್ಯಕ್ರಮದಲ್ಲಿ ಬೇರೆಯಾಗಿ ಎರಡು ನಿಮಿಷ ಕೊಟ್ಟರು. ಮಳೆಗಾಲಕ್ಕೆ ಮಾತ್ರ. "ನೀವು ಆ ಮಾತಿನಲ್ಲೇ ಹೇಳಿ," ಎಂದೂ ಅಂದರು. ನನಗೆ ಡ್ಯೂಟಿ ಇಲ್ಲದ ದಿನ ಬೇರೆಯವರು ಓದುತ್ತಿದ್ದರು.

ಹೇಳುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ವರ್ಷಗಟ್ಟಲೆ ತಿದ್ದಿದ ನಾಲಿಗೆ. ಒಂದು ವಾಕ್ಯ ನಮ್ಮದಾದರೆ ಮುಂದಿನದು ಮತ್ತೆ ಪುಸ್ತಕದ್ದು. ಅಪ್ಪ ಮನೆಯಲ್ಲಿ ತಾಲೀಮು ಮಾಡಿಸುತ್ತಿದ್ದರು. "'ಬರುತ್ತದೆ' ಅಲ್ಲ, 'ಬರ್ತಾವ' ಅನ್ನು. ನೀರು ಬರ್ತಾವ. ನಿಮ್ಮವ್ವ ಹ್ಯಾಂಗ ಅಂತಿದ್ಲು?" ನಾನು ಅವ್ವನ ದನಿ ನೆನೆಸಿಕೊಂಡು ಮತ್ತೆ ಮೊದಲಿಂದ ಹೇಳುತ್ತಿದ್ದೆ.

ಒಂದೆರಡು ವಾರಗಳಲ್ಲಿ, ನಿಂತುಹೋಗಿದ್ದ ಕಾರ್ಡುಗಳು ಮತ್ತೆ ಬಂದವು. ನಮ್ಮೂರಲ್ಲಿ ಎಮ್ಮೆ ಕಲ್ಲಿಲ್ಲ, ಮುರುಕು ಕಟ್ಟೆ ಇದೆ, ಅದನ್ನು ಹೇಳಿರಿ ಎಂದು ಒಬ್ಬರು. ನಮ್ಮ ಹಳ್ಳದ ಬಾಯಿಗೆ ನೀರು ಹಿಂದಕ್ಕೆ ಹತ್ತುತ್ತದೆ, ಅದನ್ನು ಯಾರೂ ಹೇಳುವುದಿಲ್ಲ ಎಂದು ಇನ್ನೊಬ್ಬರು. ಅಪ್ಪ ಕಾರ್ಡುಗಳನ್ನು ಊರಿನ ಪ್ರಕಾರ ಜೋಡಿಸಿ, ಡೈರಿ ತೆರೆದು ಕೂಡುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಅಷ್ಟು ಗೆಲುವಾಗಿದ್ದನ್ನು ನಾನು ನೋಡಿರಲಿಲ್ಲ.

ಒಂದು ವರ್ಷ ನೀರು ಬಹಳ ಬಂತು. ಡೈರಿಯ ಅಂಕಿಯನ್ನೂ ಮೀರುವ ಹಾಗೆ ಕಂಡಿತು. ಒಂದು ಸಂಜೆ, "ಹುಣಸಿ ಗಿಡ ದಾಟತಾವ ನೀರು. ಇನ್ನ ಬೆಳಕು ಅದ, ಈಗೇ ಸಾಲಿಗೆ ಹೋಗ್ರಿ," ಎಂದು ಹೇಳಿ ಬಂದೆ. ಮರುದಿನ ಮುಂಜಾನೆ ಮನೆಗೆ ಆಕೆಯ ಫೋನು ಬಂತು. "ಅಕ್ಕಾರ, ಎಲ್ಲಾರೂ ಸಾಲಿಯೊಳಗ ಅದೀವಿ. ಹರಗೋಲ ಸೈತ ತಂದು ಅಂಗಳದಾಗ ಹಾಕೀವಿ. ಕಾಕಾಗ ಹೇಳ್ರಿ, ಗಿಡ ದಾಟಿ ನಾಕು ಮಾರು ಬಂದಾವ, ಬರ್ಕೊ ಅನ್ರಿ." ಅಪ್ಪ ಬರೆದುಕೊಂಡರು.

ಆಮೇಲೆ ಕೇಂದ್ರ ಮತ್ತೆ ಬದಲಾಯಿತು. ಟೇಪಿನ ಸುರುಳಿಗಳು ಹೋಗಿ ಕಂಪ್ಯೂಟರ್ ಬಂತು. ಪ್ರಾಯೋಜಿತ ಕಾರ್ಯಕ್ರಮಗಳು ಬಂದವು. ಬೇರೆ ಊರಿನ ಕಾರ್ಯಕ್ರಮಗಳನ್ನು ಇಲ್ಲಿಂದ ದಾಟಿಸುವ ಹೊತ್ತು ಹೆಚ್ಚುತ್ತ, ನಮ್ಮದೇ ಹೊತ್ತು ಕಿರಿದಾಗುತ್ತ ಹೋಯಿತು. ಆರು ಡ್ಯೂಟಿ ಮೂರಾಯಿತು, ಒಂದಾಯಿತು. ಹೊಸ ಪಟ್ಟಿಯಲ್ಲಿ ಆ ಎರಡು ನಿಮಿಷಕ್ಕೆ ಜಾಗವಿರಲಿಲ್ಲ. ಯಾರೂ ಬೇಕೆಂದು ತೆಗೆದದ್ದಲ್ಲ. ಹಳೆಯ ಅಧಿಕಾರಿ ವರ್ಗವಾಗಿದ್ದರು, ಹೊಸಬರಿಗೆ ಎಮ್ಮೆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಕೊನೆಗೆ ಮೀಡಿಯಂ ವೇವ್ ಕೂಡ ನಿಂತು, ಎಲ್ಲ ಎಫ್‌ಎಂಗೂ ಮೊಬೈಲಿಗೂ ಹೋಯಿತು. ನಾನು ಅಷ್ಟರಲ್ಲಾಗಲೇ ಹೋಗುವುದನ್ನು ಬಿಟ್ಟಿದ್ದೆ.

ಅದೇ ವರ್ಷದ ಚಳಿಗಾಲದಲ್ಲಿ ಅಪ್ಪ ಹೋದರು. ಹೆಚ್ಚು ನರಳಲಿಲ್ಲ. ಸುದ್ದಿ ಹೇಗೆ ಮುಟ್ಟಿತೋ, ಮೂರನೆಯ ದಿನ ತಿಂಥಣಿಯಾಕೆ ಮಗನ ಜೊತೆ ಬಂದಳು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದು ನನ್ನ ಪಕ್ಕ ಕೂತಳು.

"ಕಾಕಾನ ವಹಿ ಎಲ್ಲಿ ಅದಾವ?" ಎಂದು ಕೇಳಿದಳು.

ಡೈರಿಗಳನ್ನು ತಂದುಕೊಟ್ಟೆ. ಓದಲು ಬಾರದ ಆಕೆ ಒಂದೊಂದನ್ನೇ ಸೆರಗಿನಿಂದ ಒರೆಸಿ ಜೋಡಿಸಿಟ್ಟಳು. "ಒಗೀಬ್ಯಾಡ್ರಿ ಅಕ್ಕಾ. ಇದ್ರಾಗ ನಮ್ಮ ಮಗಳ ಬಾಣಂತನ ಅದ." ಅಲ್ಲಿಯತನಕ ಅಕ್ಕಾರ ಎನ್ನುತ್ತಿದ್ದವಳು ಆವತ್ತು ಮೊದಲ ಸಲ ಬರೀ ಅಕ್ಕ ಎಂದಳು. ಆಗ ನನಗೆ ಅಳು ಬಂತು. ಅಪ್ಪ ಹೋದಾಗಿನಿಂದ ಬಂದಿರಲಿಲ್ಲ.

ಈಗ ತಿಂಥಣಿಯ ಹೊಳೆದಂಡೆಯವರದೊಂದು ವಾಟ್ಸಾಪ್ ಗುಂಪಿದೆ. ಡ್ಯಾಮಿನ ಅಂಕಿ ಅದರಲ್ಲೂ ಬರುತ್ತದೆ, ಹಳೆಯ ಪ್ರಕಟಣೆಯ ಭಾಷೆಯಲ್ಲೇ. ಅದರ ಕೆಳಗೆ ಆಕೆಯ ದನಿಯ ಸಂದೇಶ ಬರುತ್ತದೆ. ಅಂಕಿಯನ್ನು ಸೊಸೆ ಓದಿ ಹೇಳುತ್ತಾಳೆ, ಕಲ್ಲು ಯಾವುದೆಂದು ಆಕೆ ಹೇಳುತ್ತಾಳೆ. ಹಿಂದೆ ಗಾಳಿಯ ಸದ್ದು, ಕೋಳಿಯ ಕೂಗು, ಯಾರೋ ಪಾತ್ರೆ ತಿಕ್ಕುವುದು, ಎಲ್ಲ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ನಾವು ಇವನ್ನೆಲ್ಲ ಹೊರಗಿಡಲು ಎಷ್ಟು ಒದ್ದಾಡುತ್ತಿದ್ದೆವು! ನನ್ನನ್ನೂ ಆ ಗುಂಪಿಗೆ ಸೇರಿಸಿದ್ದಾಳೆ.

ಹೋದ ಮಳೆಗಾಲದಲ್ಲಿ ಒಮ್ಮೆ ಆಕೆಗೆ ಗಂಟಲು ಕಟ್ಟಿತ್ತು. ಸೊಸೆ ನನಗೆ ಫೋನು ಹಚ್ಚಿ, "ಅತ್ತಿಗ ದನಿ ಹೊಂಡವಲ್ದು. ಇವತ್ತೊಂದಿನ ನೀವ ಹೇಳಬೇಕಂತ ನೋಡ್ರಿ," ಎಂದಳು. ಒಲೆ ಸಣ್ಣ ಮಾಡಿ, ಹಿಟ್ಟಿನ ಕೈ ಒರೆಸಿಕೊಂಡು, ಅಡುಗೆಮನೆಯಲ್ಲೇ ನಿಂತು, ಆವತ್ತು ಮುಳುಗುವ ಕಲ್ಲು ಯಾವುದೆಂದು ಗುಂಪಿಗೆ ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಆಕೆಯದೇ ಒಂದು ಸಂದೇಶ ಬಂತು. ಒಡೆದ ದನಿ, ನಡುನಡುವೆ ಕೆಮ್ಮು.

"ಛಲೋ ಹೇಳೀರಿ ಅಕ್ಕಾ. ಎಲ್ಲಾರಿಗೂ ತಿಳೀತು."